ಬತ್ತಳಿಕೆಯ ಮುಂಗೂದಲು

"ಗುರುಗಳೇ, ಬಾಗಿಲ ತನಕ ಹೋಗಿ ಒಳಗೆ ಕಾಲಿಡದೆ ತಿರುಗಿ ಬರುವುದು ಸೋಲಲ್ಲವೇ?"

ಕೇಳಿದವನು ಲಾಡ್ಲೇಸಾಬ, ಕೆಳಗಿನ ಓಣಿಯವನು. ಉರುಸಿಗೆ ಗಂಧ ತೇಯುವುದು ಅವನ ಮನೆತನದ ಕೆಲಸ. ತೇಯ್ದ ಗಂಧದ ಬಟ್ಟಲನ್ನು ತಲೆಯ ಮೇಲೆ ಹೊತ್ತು, ಮೇಲಿನ ಓಣಿಯ ದರ್ಗಾಕ್ಕೆ ಒಯ್ದು, ಗೋರಿಗೆ ಹಚ್ಚುವುದು ಅವರ ಹಕ್ಕು. ಹೋದ ವರ್ಷ ಮೇಲಿನ ಓಣಿಯವರು ಅಡ್ಡ ನಿಂತರು. ಕಲ್ಲು ಬಿದ್ದವು, ತಲೆಗಳು ಒಡೆದವು. ಲಾಡ್ಲೇಸಾಬನ ಅಣ್ಣನ ಹಣೆಯ ಮೇಲಿನ ಕಲೆ ಇನ್ನೂ ಮಾಸಿರಲಿಲ್ಲ.

ಈ ವರ್ಷ ಎರಡೂ ಓಣಿಯ ಹಿರಿಯರು ಕೂತು ಮಾತಾಡಿದ್ದರು. ಈ ಸಲ ಕೆಳಗಿನ ಓಣಿಯವರು ದರ್ಗಾದ ಮೆಟ್ಟಿಲ ಬುಡದ ತನಕ ಬರಬೇಕು. ಬಟ್ಟಲನ್ನು ಮೇಲಿನ ಓಣಿಯವರ ಕೈಗೆ ಕೊಟ್ಟು ಹಿಂದಿರುಗಬೇಕು. ಬರುವ ವರ್ಷದಿಂದ ಗೋರಿಯ ತನಕ ಅವರೇ ಒಯ್ಯಬಹುದು. ಬಟ್ಟಲು ಕೊಡಬೇಕಾದವನು ಲಾಡ್ಲೇಸಾಬ. ಗಂಧದ ಮೆರವಣಿಗೆ ನಾಳೆಯೇ ಇತ್ತು.

ಗುರುಗಳು ಊರ ಹೊರಗೆ ಫಕೀರರು ತಂಗುವ ತಕ್ಯಾದಲ್ಲಿ ಚಾಪೆಯ ಮೇಲೆ ಕೂತು ಹರಿದ ಜೋಳಿಗೆ ಹೊಲಿಯುತ್ತಿದ್ದರು. ಅವರು ಮುಂಗೋಪಿ ಎಂದು ಊರಿಗೆಲ್ಲ ಗೊತ್ತು. ಸೂಜಿ ನಿಲ್ಲಿಸದೆಯೇ ಅವರು ಹೇಳಿದರು:

"ಸೋಲೋ ಗೆಲುವೋ ಆಮೇಲೆ ನೋಡೋಣ. ಮೊದಲು ಕೂತುಕೋ. ನಿಂತವನಿಗೆ ಕತೆ ಹೇಳಿದರೆ ಅರ್ಧ ಕೇಳಿ ಓಡಿಹೋಗುತ್ತಾನೆ, ಆಮೇಲೆ ಊರ ತುಂಬ ತಪ್ಪು ಕತೆ ಹೇಳುತ್ತಾನೆ."

ಲಾಡ್ಲೇಸಾಬ ಕೂತ. ಗುರುಗಳು ಹೇಳಿದ ಕತೆ ಇದು.

ಆಗ ನಮ್ಮ ಧರ್ಮ ಇನ್ನೂ ಎಳೆಯದು. ಅರಬರ ಮರಳುಗಾಡಿನಲ್ಲಿ ಒಂದು ಖರ್ಜೂರದ ತೋಪು. ಆ ತೋಪನ್ನು ನಂಬಿಕೊಂಡು ಒಂದು ಕುಲ. ಆ ಕುಲದಲ್ಲಿ ಒಬ್ಬ ಸವಾರನಿದ್ದ. ಹೆಸರು ಕೇಳಬೇಡ. ಹೆಸರು ಹೇಳಿದರೆ ಅವನು ಬೇರೆ ಯಾರೋ ಅಂದುಕೊಂಡು ನೀನು ಆರಾಮಾಗಿ ಕೂತುಬಿಡುತ್ತೀಯ.

ತೋಪಿನಿಂದ ಮಕ್ಕಾಕ್ಕೆ ಹೋಗುವ ದಾರಿಯಲ್ಲಿ ಒಂದು ಕಣಿವೆ. ಕಣಿವೆಯಲ್ಲಿ ಒಂದು ಬಾವಿ. ಆ ದಾರಿಗೆಲ್ಲ ಅದೊಂದೇ ನೀರು. ಕಣಿವೆಯೂ ಬಾವಿಯೂ ಇನ್ನೊಂದು ಕುಲದ್ದು. ಎರಡು ಕುಲಗಳಿಗೂ ಅಜ್ಜಂದಿರ ಕಾಲದಿಂದ ಹಗೆ. ಅದು ಯಾಕೆ ಶುರುವಾಯಿತೆಂದು ಈ ಕಡೆಯವರಿಗೂ ಗೊತ್ತಿರಲಿಲ್ಲ, ಆ ಕಡೆಯವರಿಗೂ ಗೊತ್ತಿರಲಿಲ್ಲ. ಹಗೆ ಸಾಕುವುದಕ್ಕೆ ಕಾರಣ ಬೇಕಾಗಿಲ್ಲ ತಮ್ಮಾ, ಹಟ ಇದ್ದರೆ ಸಾಕು.

ಒಂದು ಕಾಳಗದಲ್ಲಿ ಸವಾರ ಸೆರೆ ಸಿಕ್ಕ. ಕಣಿವೆಯ ನಾಯಕ ಅವನನ್ನು ಕೊಲ್ಲಲಿಲ್ಲ. ಬಿಡುವುದಕ್ಕೆ ಒಂಟೆಗಳನ್ನೂ ಕೇಳಲಿಲ್ಲ. ಅವನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿದ. ಮಂಡಿಯೂರಿಸಿದ. ಹಣೆಯ ಮೇಲಿನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಕೊಯ್ದ. ಕೊಯ್ದ ಮುಂಗೂದಲನ್ನು ತನ್ನ ಬತ್ತಳಿಕೆಗೆ ಹಾಕಿಕೊಂಡ. ಆಮೇಲೆ ಹಗ್ಗ ಬಿಚ್ಚಿಸಿ, ಮನೆಗೆ ಹೋಗು ಅಂದ.

ನಿನಗೆ ಇದು ಸಣ್ಣದು ಅನಿಸಬಹುದು. ಆ ಕಾಲದ ಅರಬರಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಕೊಂದಿದ್ದರೆ ವೀರ ಅನಿಸಿಕೊಳ್ಳುತ್ತಿದ್ದ, ಹಾಡು ಕಟ್ಟುತ್ತಿದ್ದರು. ಮುಂಗೂದಲು ಕೊಯ್ದು ಬಿಟ್ಟರೆ, ಉಳಿದ ಬದುಕೆಲ್ಲ ಕೊಯ್ದವನು ಹಾಕಿದ ಭಿಕ್ಷೆ. ಸಂತೆ ಕೂಡಿದಾಗಲೆಲ್ಲ ಗೆದ್ದವನು ಬತ್ತಳಿಕೆಯಿಂದ ಬಾಣ ತೆಗೆದಂತೆ ಆ ಕೂದಲು ತೆಗೆದು ತೋರಿಸುತ್ತಿದ್ದ, ಇದು ಇಂಥವನದು ಎಂದು ಕೂಗಿ ಹೇಳುತ್ತಿದ್ದ. ಜುಟ್ಟು ಇನ್ನೊಬ್ಬನ ಕೈಯಲ್ಲಿದೆ ಅಂತ ನಾವು ಮಾತಿಗೆ ಅನ್ನುತ್ತೇವೆ. ಆ ಸವಾರನ ಪಾಲಿಗೆ ಅದು ಮಾತಾಗಿರಲಿಲ್ಲ.

ಸವಾರ ಮನೆಗೆ ಬಂದ. ತಲೆಗೆ ರುಮಾಲು ಸುತ್ತಿದ. ಆ ಬತ್ತಳಿಕೆಯನ್ನು ನಾಯಕನ ಹೆಗಲಿನಿಂದ ಕಿತ್ತು ತರುವ ತನಕ ಯಾರಿಗೂ ಬರಿದಲೆ ತೋರಿಸುವುದಿಲ್ಲ ಎಂದು ಆಣೆ ಮಾಡಿದ. ವರ್ಷಗಳು ಹೋದವು. ಕೂದಲು ಬೆಳೆಯಿತು, ಮೊದಲಿಗಿಂತ ಸೊಂಪಾಗಿಯೇ ಬೆಳೆಯಿತು. ರುಮಾಲು ಮಾತ್ರ ಇಳಿಯಲಿಲ್ಲ. ಹೆಂಡತಿಯ ಎದುರಿಗೂ ಇಳಿಯಲಿಲ್ಲ ಅನ್ನುತ್ತಾರೆ. ಪಾಪ, ಆಕೆ ಏನು ತಪ್ಪು ಮಾಡಿದ್ದಳೋ!

ಅಷ್ಟರಲ್ಲಿ ತೋಪಿನ ಕುಲ ಹೊಸ ಧರ್ಮಕ್ಕೆ ಬಂತು. ಕುಲದ ಮುದುಕನೊಬ್ಬ ಎದ್ದು, ಈ ವರ್ಷ ಎಲ್ಲರೂ ಮಕ್ಕಾದ ದೇವರ ಮನೆಗೆ ಯಾತ್ರೆ ಹೋಗೋಣ ಅಂದ. ಎಲ್ಲರೂ ಹೂಂ ಅಂದರು. ಸವಾರನೂ ಹೂಂ ಅಂದ. ಅರ್ಧ ದೇವರಿಗಾಗಿ ಅಂದ, ಅರ್ಧ ಬತ್ತಳಿಕೆಗಾಗಿ ಅಂದ. ದಾರಿ ಕಣಿವೆಯ ಮೇಲೇ ಹೋಗುತ್ತದಲ್ಲ!

ಆದರೆ ಯಾತ್ರೆಗೆ ಅದರದೇ ಕಟ್ಟಳೆಗಳಿವೆ. ಗಂಡಸರಾದವರು ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಉಡಬೇಕು. ತಲೆಯ ಮೇಲೆ ಏನೂ ಇರಕೂಡದು. ಬೇಟೆ ಇಲ್ಲ, ಜಗಳ ಇಲ್ಲ, ಬೈಗುಳವೂ ಇಲ್ಲ. ಯಾತ್ರೆ ಮುಗಿಯುವ ತನಕ ಒಂದು ಕೂದಲನ್ನೂ ಕೀಳುವ ಹಾಗಿಲ್ಲ. ಮುಗಿದ ಮೇಲೆ ತಲೆ ಬೋಳಿಸಿಕೊಳ್ಳಬೇಕು. ಸವಾರ ಬಿಳಿ ಬಟ್ಟೆ ಉಟ್ಟುಕೊಂಡು, ರುಮಾಲಿಗೆ ಕೈ ಹಾಕಿ ಬಹಳ ಹೊತ್ತು ಕೂತ. ಎಲ್ಲರೂ ನೋಡುತ್ತಿದ್ದರು. ಕೊನೆಗೆ ಹಲ್ಲು ಕಚ್ಚಿ ಬಿಚ್ಚಿದ. ಆಣೆಯ ಒಂದು ತುದಿ ಅಲ್ಲಿ ಹರಿಯಿತು, ಇನ್ನೊಂದನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ.

ಬಲಿಯ ಒಂಟೆ ಕುರಿಗಳ ಕೊರಳಿಗೆ ನಾರಿನ ಹಾರ ಹಾಕಿ, ಖಡ್ಗಗಳನ್ನು ಒರೆಯಲ್ಲಿಟ್ಟು, ಅವರು ಹೊರಟರು. ಕಣಿವೆಯ ಬಾಯಿಗೆ ಬಂದಾಗ ನೀರಿನ ಚೀಲಗಳು ಬರಿದಾಗಿದ್ದವು.

ಕಣಿವೆಯ ಬಾಯಲ್ಲಿ ಕುದುರೆಗಳು ನಿಂತಿದ್ದವು. ಮುಂದೆ ನಾಯಕ. ಹೆಗಲಲ್ಲಿ ಅದೇ ಬತ್ತಳಿಕೆ.

ಮುದುಕ ಒಬ್ಬನೇ ಹೋದ. ನಾವು ಕಾದಾಡಲು ಬಂದಿಲ್ಲ, ದೇವರ ಮನೆಗೆ ಹೊರಟಿದ್ದೇವೆ, ಹಾರ ಹಾಕಿದ ಕುರಿಗಳನ್ನು ನೋಡಿ ಅಂದ. ನಾಯಕ ನೋಡಿದ. ಅವನು ಕೆಟ್ಟವನಲ್ಲ ತಮ್ಮಾ. ನಾಲ್ಕು ಜನರ ಬಾಯಿಗೆ ಹೆದರುವವನು, ನಮ್ಮ ನಿಮ್ಮ ಹಾಗೆ. ಇವತ್ತು ನಿಮ್ಮನ್ನು ಬಿಟ್ಟರೆ ನಾಳೆ ಅರಬರೆಲ್ಲ ನಾನು ಹೆದರಿ ಬಿಟ್ಟೆ ಅನ್ನುತ್ತಾರೆ ಅಂದ. ಬಿಸಿಲು ಇಳಿಯುವ ತನಕ ಮಾತು ನಡೆಯಿತು. ಕೊನೆಗೆ ಒಪ್ಪಂದವಾಯಿತು. ಈ ವರ್ಷ ಅವರು ಇಲ್ಲಿಂದಲೇ ತಿರುಗಬೇಕು. ಬರುವ ವರ್ಷ ಕಣಿವೆಯವರು ಮೂರು ದಿನ ಜಾಗ ಬಿಟ್ಟು ಗುಡ್ಡ ಹತ್ತುತ್ತಾರೆ. ಯಾತ್ರಿಕರು ಬಾವಿಯ ನೀರು ಕುಡಿದು, ಖಡ್ಗ ಒರೆಯಿಂದ ತೆಗೆಯದೆ ಹಾದು ಹೋಗಬಹುದು.

ಮುದುಕ ಬಂದು ಇದನ್ನು ಹೇಳಿದಾಗ ಕುಲಕ್ಕೆ ಕುಲವೇ ಬಾಡಿತು. ದೇವರ ಮನೆ ಕೂಗಳತೆಯಲ್ಲಿ ಇದ್ದ ಹಾಗೆ ಅವರಿಗೆ ಅನಿಸಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಪೈಗಂಬರರೂ ಒಂದು ವರ್ಷ ಮಕ್ಕಾದ ಹೊಸ್ತಿಲಿನಿಂದ ತಿರುಗಿದ್ದರು. ಮರುವರ್ಷ ಒರೆಯಲ್ಲಿಟ್ಟ ಖಡ್ಗದೊಂದಿಗೆ ಒಳಗೆ ಹೋದರು. ನಾವು ಅವರಿಗಿಂತ ದೊಡ್ಡವರೇ?" ಅಂದ ಮುದುಕ.

ದಾರಿಯಲ್ಲಿ ತಡೆಯಲ್ಪಟ್ಟ ಯಾತ್ರಿಕ ತಡೆದ ಜಾಗದಲ್ಲೇ ಬಲಿ ಕೊಟ್ಟು, ಅಲ್ಲೇ ತಲೆ ಬೋಳಿಸಿಕೊಂಡು, ಬಿಳಿ ಬಟ್ಟೆ ಬಿಚ್ಚಬೇಕು. ಕಟ್ಟಳೆ ಹಾಗಿದೆ. ಮುದುಕ ತನ್ನ ಒಂಟೆಯನ್ನು ದೇವರ ಹೆಸರಿನಲ್ಲಿ ಒಪ್ಪಿಸಿದ. ಉಳಿದವರೂ ತಮ್ಮ ತಮ್ಮ ಕುರಿಗಳನ್ನು ಒಪ್ಪಿಸಿದರು. ಆಮೇಲೆ ಮುದುಕ ಬರಿದಲೆ ಬಗ್ಗಿಸಿ ಕೂತು, ಯಾರಾದರೂ ಬಂದು ಬೋಳಿಸಿ ಅಂದ.

ಒಬ್ಬನೂ ಏಳಲಿಲ್ಲ.

ಏಳದ್ದಕ್ಕೆ ಕಾರಣವಿತ್ತು. ಎದುರಿಗೆ ಕುದುರೆ ಸಾಲು ನೋಡುತ್ತಿತ್ತು. ಕಣಿವೆಯವರಿಗೆ ಯಾತ್ರೆಯ ಕಟ್ಟಳೆ ಗೊತ್ತು, ಆದರೆ ನಗುವುದಕ್ಕೆ ಅವಕಾಶ ಸಿಕ್ಕರೆ ಕಟ್ಟಳೆ ಯಾರಿಗೆ ನೆನಪಿರುತ್ತದೆ! ಅಲ್ಲಿಂದ ಒಬ್ಬ ಕೂಗಿಯೇ ಬಿಟ್ಟ: "ಇಷ್ಟು ದಿನ ಒಬ್ಬನ ಮುಂಗೂದಲಿತ್ತು. ಇವತ್ತು ಕುಲದ್ದೆಲ್ಲ ಸಿಗುತ್ತದೆ. ಬತ್ತಳಿಕೆ ಸಾಲದು, ಗೋಣಿ ತನ್ನಿ!"

ಸಾಲಿಗೆ ಸಾಲೇ ನಕ್ಕಿತು. ಈ ಕಡೆ ಕೈಗಳು ಖಡ್ಗದ ಹಿಡಿಗೆ ಹೋದವು. ಅದನ್ನು ಕಂಡು ಆ ಕಡೆ ಬಾಣಗಳು ಬಿಲ್ಲಿಗೇರಿದವು. ಇಡೀ ದಿನ ಮಾತಾಡಿ ಕಟ್ಟಿದ ಒಪ್ಪಂದ ಒಂದು ನಗುವಿಗೆ ಬಿರುಕು ಬಿಡುತ್ತಿತ್ತು. ಮುದುಕ ಬಗ್ಗಿಸಿದ ತಲೆ ಎತ್ತಲಿಲ್ಲ. ಕುಲದವರೆಲ್ಲ ಸವಾರನ ಮುಖ ನೋಡುತ್ತಿದ್ದರು. ಅವನು ಖಡ್ಗ ಎಳೆದರೆ ಎಲ್ಲರೂ ಎಳೆಯುವವರು. ಎಳೆದರೆ ಯಾತ್ರೆಯೂ ಇಲ್ಲ, ಬರುವ ವರ್ಷವೂ ಇಲ್ಲ, ಇನ್ನು ಮೂರು ತಲೆಮಾರು ಹೆಣ ಹೊರುವುದೇ ಕೆಲಸ.

ಸವಾರನ ಕೈಯೂ ಹಿಡಿಯ ಮೇಲಿತ್ತು. ಬತ್ತಳಿಕೆ ಕಣ್ಣೆದುರಿಗೇ ಇತ್ತು, ಒಂದು ಓಟದ ದೂರದಲ್ಲಿ. ಇಷ್ಟು ವರ್ಷ ಕಾದದ್ದು ಇದಕ್ಕೇ ಅಲ್ಲವೇ ಅಂದುಕೊಂಡ. ಅಂದುಕೊಳ್ಳುತ್ತ ತನ್ನ ಕೈಯನ್ನೇ ನೋಡಿದ. ನೋಡಿ, ಅಲ್ಲೇ ನಿಂತುಬಿಟ್ಟ.

ಆವತ್ತು ನನ್ನನ್ನು ಸುಟ್ಟದ್ದು ಯಾವುದು, ಎಂದು ತನ್ನನ್ನೇ ಕೇಳಿಕೊಂಡ. ಕೂದಲೇ? ಕೂದಲು ಮತ್ತೆ ಬಂತು. ಮಂಡಿಯೂರಿದ್ದೇ? ದಿನಾ ನಮಾಜಿನಲ್ಲಿ ಮಂಡಿಯೂರುತ್ತೇನೆ, ಅದೇನೂ ಸುಡುವುದಿಲ್ಲ. ಆವತ್ತು ಕೈ ಕಟ್ಟಿತ್ತು. ಬೇಡ ಅನ್ನುವ ಹಾಗಿರಲಿಲ್ಲ, ಆಗಲಿ ಅನ್ನುವ ಹಾಗೂ ಇರಲಿಲ್ಲ. ಇವತ್ತು ಕೈ ಬಿಚ್ಚಿದೆ.

ಅವನು ಖಡ್ಗವನ್ನು ಒರೆಯ ಸಮೇತ ಬಿಚ್ಚಿ ನೆಲಕ್ಕಿಟ್ಟ. ಗಂಟಿನಿಂದ ಕ್ಷೌರದ ಕತ್ತಿ ತೆಗೆದುಕೊಂಡ. ಬರಿಗಾಲಲ್ಲಿ, ಬರಿದಲೆಯಲ್ಲಿ, ಕುದುರೆ ಸಾಲಿನ ಕಡೆಗೆ ನಡೆಯತೊಡಗಿದ. ಹಿಂದಿನಿಂದ ಯಾರೋ ಬೇಡ ಅಂತ ಕೂಗಿದರು. ಒರಳಿಗೆ ತಲೆ ಕೊಟ್ಟ ಮೇಲೆ ಒನಕೆಗೆ ಅಂಜಿದರೆ ಆದೀತೇ? ಬಾಣಗಳೆಲ್ಲ ಅವನ ಎದೆಯ ಕಡೆ ತಿರುಗಿದವು. ಅವನು ನೇರ ಹೋಗಿ ನಾಯಕನ ಕುದುರೆಯ ಮುಂದೆ ಮಂಡಿಯೂರಿ ಕೂತು, ಕತ್ತಿಯ ಹಿಡಿಯನ್ನು ಅವನ ಕಡೆ ಚಾಚಿದ.

"ಒಂದು ಸಲ ನನ್ನ ಕೈ ಕಟ್ಟಿ ಕೊಯ್ದೆ. ಈ ಸಲ ನಾನೇ ಕೊಡುತ್ತಿದ್ದೇನೆ, ಬೋಳಿಸು. ಆದರೆ ಇದು ನಿನ್ನ ಬತ್ತಳಿಕೆಗಲ್ಲ, ನಾನು ತಲುಪದೆ ಹೋದ ದೇವರ ಮನೆಗೆ."

ನಗು ನಿಂತಿತು.

ನಾಯಕ ಕುದುರೆಯಿಂದ ಇಳಿದ. ಇಳಿಯದೆ ಇರುವ ಹಾಗಿರಲಿಲ್ಲ. ಕತ್ತಿ ಚಾಚಿದವನ ಎದುರು ಕುದುರೆಯ ಮೇಲೇ ಕೂತರೆ ಅವನದೇ ಜನ ಹೇಡಿ ಅನ್ನುತ್ತಾರೆ. ಕತ್ತಿ ತೆಗೆದುಕೊಂಡು, ಸವಾರನ ತಲೆಗೆ ಹಚ್ಚಿ ಎಳೆದ. ದಾರಿಯ ಧೂಳು ಕೂತು ಕೂದಲು ಕತ್ತದ ಹಗ್ಗದಂತೆ ಬಿರುಸಾಗಿತ್ತು. ಕತ್ತಿ ಓಡಲಿಲ್ಲ. ಹಣೆಯ ಅಂಚಿನಲ್ಲಿ ಒಂದು ಹನಿ ರಕ್ತ ಬಂತು. ಸವಾರ ಅಲುಗಲಿಲ್ಲ.

"ಒಣ ತಲೆ ಬೋಳಿಸುವುದು ಹೇಗೆ? ನೀರು ತನ್ನಿ!" ಅಂದ ನಾಯಕ, ಹಿಂದೆ ತಿರುಗಿ.

ಬಾಯಿಂದ ತಾನಾಗಿ ಬಂದ ಮಾತು ಅದು. ಕ್ಷೌರಕ್ಕೆ ಕೂತವನಿಗೆ ನೀರು ಕೇಳುವುದು ಯಾರಿಗಾದರೂ ರೂಢಿ. ಬಟ್ಟಲು ತುಂಬ ಬಾವಿಯ ನೀರು ಬಂತು. ಅದು ಕೈಗೆ ಬಂದ ಮೇಲೆ ನಾಯಕನಿಗೆ ತಾನು ಏನು ಕೇಳಿದೆ ಎಂದು ಹೊಳೆಯಿತು.

ಆ ಕಣಿವೆಯವರಿಗೆ ಒಂದು ಹಳೆಯ ಕಟ್ಟು ಇತ್ತು. ಅವರ ಬಾವಿಯ ನೀರನ್ನು ಅವರ ಕೈಯಿಂದಲೇ ಪಡೆದವನು ಅವರ ಅತಿಥಿ. ಅವನ ಮೈ ಮುಟ್ಟಿದವನನ್ನು ಕಣಿವೆಯೇ ಎದುರಿಸಬೇಕು. ಅದಕ್ಕೇ ಅಲ್ಲವೇ ಅಜ್ಜನ ಕಾಲದಿಂದ ತೋಪಿನವರಿಗೆ ಒಂದು ತೊಟ್ಟು ನೀರೂ ಕೊಡದೆ ಕಾದುಕೊಂಡು ಬಂದದ್ದು! ಈಗ ನೀರು ಸುರಿದರೆ ಸವಾರ ಅತಿಥಿಯಾಗುತ್ತಾನೆ. ಸುರಿಯದಿದ್ದರೆ, ತಲೆ ಬಗ್ಗಿಸಿ ಬಂದವನ ರಕ್ತ ಹರಿಸಿದವನು ಎಂಬ ಹೆಸರು ಉಳಿಯುತ್ತದೆ. ಬಟ್ಟಲು ಹಿಡಿದು ನಾಯಕ ನಿಂತ.

ಸವಾರ ಇದನ್ನೆಲ್ಲ ಲೆಕ್ಕ ಹಾಕಿ ಬಂದಿದ್ದ ಅಂದುಕೊಂಡೆಯಾ? ನಿನ್ನ ಬುದ್ಧಿ ಯಾವಾಗಲೂ ಅತ್ತಲೇ ಓಡುತ್ತದೆ. ಇಲ್ಲ. ಅವನಿಗೆ ನೀರಿನ ನೆನಪೇ ಇರಲಿಲ್ಲ. ಅವನು ತಲೆ ಕೊಡಲು ಬಂದಿದ್ದ, ಕೊಟ್ಟು ಕೂತಿದ್ದ.

ನಾಯಕ ಸುರಿದ.

ನೀರು ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಎದೆಗೆ ಇಳಿಯಿತು. ಆಮೇಲೆ ಕತ್ತಿ ಸರಾಗವಾಗಿ ಓಡಿತು. ಬೋಳಿಸಿ ಮುಗಿಸಿದಾಗ ನಾಯಕನ ಕೈ ಒಂದು ಹಿಡಿ ಕೂದಲನ್ನು ಎತ್ತಿಕೊಂಡು, ರೂಢಿಯಂತೆ ಹೆಗಲ ಬತ್ತಳಿಕೆಯ ಕಡೆ ಹೋಯಿತು. ನಡುವೆಯೇ ನಿಂತಿತು. ಅವನು ಕೂದಲನ್ನು ಸವಾರನ ಅಂಗೈಗೆ ಹಾಕಿ, ಮಕ್ಕಾದ ಕಡೆ ಮುಖ ಮಾಡಿ ನಿಂತುಕೊಂಡ. ಸವಾರ ಅದನ್ನು ಗಾಳಿಗೆ ಬಿಟ್ಟ.

ಅದನ್ನು ಕಂಡು ಮುದುಕ ಎದ್ದ. ತನ್ನ ಕ್ಷೌರದ ಕತ್ತಿ ಹಿಡಿದು ತಾನೂ ನಡೆದು ಬಂದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಇಡೀ ಕುಲ! ಕುದುರೆಗಳಿಂದ ಇಳಿಯದೆ ಬೇರೆ ದಾರಿ ಉಳಿಯಲಿಲ್ಲ. ಗೋಣಿ ತನ್ನಿ ಅಂದವನೇ ಮೊದಲು ಬಾವಿಗೆ ಓಡಿ ಕೊಡದಿಂದ ನೀರು ಸೇದಿದ. ಹಗೆಯ ಕೈಯಲ್ಲಿ ಕತ್ತಿ, ಹಗೆಯ ಕೈಯಲ್ಲಿ ಕೊರಳು. ಕತ್ತಲಾಗುವ ತನಕ ಕ್ಷೌರ ನಡೆಯಿತು. ತಲೆಗೆ ಹಾಕಿದ ಮೇಲೆ ಉಳಿದ ನೀರನ್ನು ಕುಡಿಯಲು ಕೊಟ್ಟರು. ಕುಡಿದ ಮೇಲೆ ಒಂಟೆಗಳಿಗೂ ಕೊಟ್ಟರು. ಅತಿಥಿಯ ಒಂಟೆ ಬಾಯಾರಿ ನಿಂತರೆ ಮರ್ಯಾದೆ ಯಾರದು ಹೋಗುತ್ತದೆ?

ಕೊನೆಗೆ ನಾಯಕ ಮುದುಕನ ಬಳಿ ಬಂದ. ಇನ್ನು ನಿಮ್ಮನ್ನು ತಡೆಯುವ ಮುಖ ನನಗಿಲ್ಲ, ಈಗಲೇ ಹಾದು ಹೋಗಿ ಅಂದ. ಯಾತ್ರಿಕರ ಕಣ್ಣುಗಳು ಹೊಳೆದವು. ಮುದುಕ ತಲೆ ಅಲ್ಲಾಡಿಸಿದ. ಬರುವ ವರ್ಷ ಎಂದು ಮಾತಾಗಿದೆ, ನಮಗೆ ಲಾಭವಾದ ಕೂಡಲೇ ಮಾತು ಮುರಿದರೆ ನಾಳೆ ನಿಮಗೆ ಲಾಭವಾದಾಗ ನಾವು ಏನು ಹೇಳುವುದು ಅಂದ. ಬೆಳಗಾದ ಮೇಲೆ ಅವರು ಬಂದ ದಾರಿಯಲ್ಲೇ ತಿರುಗಿದರು. ಆದರೆ ಬಾಡಿದ ಮುಖಗಳಲ್ಲ. ಬೋಳು ತಲೆ ಬಿಸಿಲಿಗೆ ತೋರಿಸಿಕೊಂಡು ಹಾಡುತ್ತ ಹೋದರು. ಸವಾರ ರುಮಾಲನ್ನು ಕುದುರೆಯ ಬೆನ್ನ ಮೇಲೆ ಹಾಸಿ ಅದರ ಮೇಲೆ ಕೂತಿದ್ದ.

ವರ್ಷ ಕಳೆಯಿತು. ಸುದ್ದಿ ಮರಳುಗಾಡಿನ ತುಂಬ ಹಬ್ಬಿತ್ತು. ಹೋದ ವರ್ಷ ಒಂದು ಕುಲ ಬಂದಿತ್ತು. ಈ ವರ್ಷ ಜೊತೆಗೆ ಸುತ್ತಲಿನ ಕುಲಗಳೆಲ್ಲ ಬಂದವು. ಖಡ್ಗಗಳು ಒರೆಯಲ್ಲೇ ಇದ್ದವು. ಕಣಿವೆ ಮಾತಿನಂತೆ ಬರಿದಾಗಿತ್ತು, ಜನ ಗುಡ್ಡ ಹತ್ತಿ ಕೂತಿದ್ದರು. ಆದರೆ ಬಾವಿಗೆ ಹೊಸ ಹಗ್ಗ ಹಾಕಿತ್ತು. ಕಟ್ಟೆಯ ಸುತ್ತ ಕೊಡಗಳೆಲ್ಲ ತುಂಬಿಟ್ಟಿದ್ದವು.

ಬಾವಿಯ ಪಕ್ಕ ಒಬ್ಬನೇ ಒಬ್ಬ ನಿಂತಿದ್ದ. ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ, ಬರಿದಲೆ. ನಾಯಕ! ಕಣಿವೆಯವರು ಜಾಗ ಬಿಡಬೇಕೆಂದು ಮಾತಾಗಿತ್ತಲ್ಲ ಎಂದು ಯಾರೋ ಅಂದರು. ಕಣಿವೆಯವರು ಬಿಟ್ಟಿದ್ದಾರೆ, ನಾನು ಯಾತ್ರಿಕ ಅಂದ ಅವನು. ಸವಾರನ ಹತ್ತಿರ ಬಂದು ಬತ್ತಳಿಕೆಯನ್ನು ಅವನ ಕೈಗಿಟ್ಟ. ಅದರಲ್ಲಿ ಬಾಣಗಳಿರಲಿಲ್ಲ. ತಳದಲ್ಲಿ ಹಳೆಯ ಮುಂಗೂದಲಿತ್ತು, ದಾರದಿಂದ ಕಟ್ಟಿದ್ದು. ಸವಾರ ಅದನ್ನು ನೋಡಿ ಅತ್ತುಬಿಟ್ಟ. ಎಲ್ಲರ ಎದುರಿಗೆ, ನಾಚಿಕೆಯಿಲ್ಲದೆ ಅತ್ತ. ಅವನು ಕಿತ್ತು ತರಬೇಕೆಂದಿದ್ದ ಬತ್ತಳಿಕೆ ತಾನಾಗಿ ನಡೆದು ಬಂದಿತ್ತು.

ಅಂದು ಕಣಿವೆಯಲ್ಲಿ ಎದ್ದ ಲಬ್ಬೈಕ್, ಇಗೋ ಬಂದೆ ದೇವರೇ, ಎಂಬ ಕೂಗಿಗೆ ಗುಡ್ಡಗಳು ಮಾರ್ದನಿಗೊಟ್ಟವು. ಗುಡ್ಡದ ಮೇಲಿದ್ದವರೂ ಅದನ್ನೇ ಕೂಗುತ್ತಿದ್ದರೋ ಏನೋ, ಯಾರಿಗೆ ಗೊತ್ತು. ಅವರು ಮಕ್ಕಾ ಸೇರಿದರು. ದೇವರ ಮನೆಯ ಸುತ್ತ ಸುತ್ತಿದರು. ಯಾತ್ರೆ ಮುಗಿಯಿತು, ತಲೆ ಬೋಳಿಸುವ ಹೊತ್ತು ಬಂತು. ನಾಯಕ ಸವಾರನ ಮುಂದೆ ಮಂಡಿಯೂರಿ ಕೂತು, ತಲೆ ಬಗ್ಗಿಸಿ, ಕ್ಷೌರದ ಕತ್ತಿಯ ಹಿಡಿಯನ್ನು ಚಾಚಿದ.

ಸವಾರ ಕತ್ತಿ ತೆಗೆದುಕೊಂಡ. ಹೆಗಲಿನ ಚೀಲದಲ್ಲಿ ಕಣಿವೆಯ ಬಾವಿಯ ನೀರಿತ್ತು. ಮೊದಲು ತಲೆಯನ್ನು ಚೆನ್ನಾಗಿ ನೆನೆಸಿದ. ಆಮೇಲೆ, ಒಂದು ಹನಿ ರಕ್ತವೂ ಬಾರದ ಹಾಗೆ, ನಿಧಾನವಾಗಿ ಬೋಳಿಸಿದ. ಹಳೆಯ ಮುಂಗೂದಲನ್ನೂ ಹೊಸ ಕೂದಲನ್ನೂ ಒಂದೇ ಕುಣಿಯಲ್ಲಿ ಹಾಕಿ ಮರಳು ಮುಚ್ಚಿದ.

ಇಲ್ಲಿಗೆ ಗುರುಗಳು ಜೋಳಿಗೆಯ ದಾರವನ್ನು ಹಲ್ಲಿನಿಂದ ಕಡಿದರು.

ಲಾಡ್ಲೇಸಾಬ ತಲೆ ತಗ್ಗಿಸಿಕೊಂಡೇ ಇದ್ದ. ಹಾಗೆಯೇ ಅಂದ: "ಕತೆ ದೊಡ್ಡವರದು, ಗುರುಗಳೇ. ನಾನು ಅಂಥ ಎದೆಯವನಲ್ಲ. ನಾಳೆ ಆ ಮೆಟ್ಟಿಲ ಬುಡದಲ್ಲಿ, ಅಣ್ಣನ ಹಣೆ ಒಡೆದವರ ಎದುರಿಗೆ ನಿಂತು ಬಟ್ಟಲು ಕೊಟ್ಟರೆ, ಅದನ್ನು ಅವರು ನನ್ನಿಂದ ಕಿತ್ತುಕೊಂಡ ಹಾಗೇ ಅಲ್ಲವೇ?"

ಗುರುಗಳು ಗಂಧದ ಕಲೆ ಹತ್ತಿದ ಅವನ ಎರಡೂ ಕೈಗಳನ್ನು ಹಿಡಿದು ಅವನ ಮುಖದ ಮುಂದೆ ತಂದರು.

"ನೋಡಿ ಹೇಳು, ಇವನ್ನು ಯಾರು ಕಟ್ಟಿದ್ದಾರೆ?"

ಲಾಡ್ಲೇಸಾಬ ತನ್ನ ಕೈಗಳನ್ನೇ ನೋಡಿದ. ಆಮೇಲೆ ಎದ್ದು, ನಾಳೆಯ ಗಂಧ ತೇಯಲು ಕೆಳಗಿನ ಓಣಿಗೆ ಹೊರಟ.